ಶಾರ್ಜಾದ ಗಿರಾಕಿ

ತೊಕ್ಕೊಟ್ಟು
18 ಜೂನ್ 2024

ಪ್ರಿಯ ಮೋಕ್ಷಾ,

ಇಷ್ಟು ಕಾಲದ ಮೇಲೆ ನನ್ನ ಮೇಲ್ ಕಂಡು ಗಾಬರಿಯಾಗಬೇಡ. ಕೆಟ್ಟ ಸುದ್ದಿ ಅಲ್ಲ. ವಾಟ್ಸಾಪಿನಲ್ಲಿ ಬರೆಯಬಹುದಿತ್ತು, ಆದರೆ ಈಗ ನನ್ನ ಫೋನು ಅರ್ಧ ಹೊತ್ತು ನಿನ್ನ ಅಮ್ಮನ ಕೈಯಲ್ಲೇ ಇರುತ್ತದೆ. ಯಾಕೆಂದು ಹೇಳಲಿಕ್ಕೇ ಈ ಪತ್ರ. ಕಾಲೇಜಿನಲ್ಲಿ ನಾವು ತುಳುವಿನಲ್ಲಿ ಹರಟಿದವರು. ಕನ್ನಡದಲ್ಲಿ ಬರೆಯುವಾಗ ತಹಶೀಲ್ದಾರರಿಗೆ ಅರ್ಜಿ ಬರೆದ ಹಾಗೆ ಆಗುತ್ತದೆ, ಸಹಿಸಿಕೋ.

ನಾನು ಕೆಲಸಕ್ಕಿದ್ದ ಬಟ್ಟೆ ಅಂಗಡಿ ಮುಚ್ಚಿತು. ಬೇರೆ ಕೆಲಸ ಕೇಳಲೆಂದು ಶಕ್ತಿನಗರಕ್ಕೆ ಹೋದವಳು ಹಾಗೇ ನಿಮ್ಮ ಮನೆಗೂ ಹೋದೆ. ಜಯಾಂಟಿ ಬಾಗಿಲು ತೆರೆದರು, ಕೈಯಲ್ಲಿ ಕ್ರೋಶಾ ಕಡ್ಡಿ. ಒಳಗೆ ಕುಳಿತುಕೊಳ್ಳಲು ಜಾಗವಿಲ್ಲ. ಸೋಫಾದ ಮೇಲೆ, ಟಿ.ವಿ.ಯ ಮೇಲೆ, ಮುಖೇಶನ ಮಂಚದ ತುಂಬ ಎಳೆಮಕ್ಕಳ ಕುಲಾವಿ, ಕಾಲುಚೀಲ. ಬಿಳಿ, ಹಳದಿ, ತಿಳಿ ಹಸಿರು.

"ಇದೆಲ್ಲ ಯಾರಿಗೆ ಆಂಟಿ?" ಅಂದೆ.

"ಯಾರಿಗೂ ಅಲ್ಲ ಮಗಾ. ಕೈ ಸುಮ್ಮನೆ ಕೂತರೆ ತಲೆ ಸುಮ್ಮನೆ ಕೂರುವುದಿಲ್ಲ."

"ನಾನು ಮಾರಿ ಕೊಡ್ಲಾ?"

"ತಗೊಂಡು ಹೋಗು. ಆ ಮಂಚ ಒಮ್ಮೆ ಖಾಲಿಯಾಗಲಿ."

ಮಂಚ ಖಾಲಿಯಾದ ದಿನ ಅವರು ಬಹಳ ಹೊತ್ತು ಅದನ್ನೇ ನೋಡಿದರು. ಮತ್ತೆ ತುಂಬಿಸಲು ಕೂತರು.

ಹೀಗೆ ಶುರುವಾಯಿತು 'ಕುಲಾವಿ' ಅಂಗಡಿ. ಅಂಗಡಿ ಎಂದರೆ ಆನ್‌ಲೈನಿನಲ್ಲಿ ಒಂದು ಪುಟ, ನಿಮ್ಮ ಮನೆಯ ಜಗಲಿ, ನಾನು, ಆಂಟಿ. ಗಿರಾಕಿಗಳನ್ನು ತರುವುದು ಪಿಂಟರೆಸ್ಟ್. ಅಲ್ಲಿ ಜನ ಚಿತ್ರದಿಂದ ಹುಡುಕುತ್ತಾರೆ. ಯಾವಳೋ ಒಬ್ಬಳು ತನ್ನ ಅಜ್ಜಿ ಮಾಡಿದ ಹಳೆಯ ಕುಲಾವಿಯ ಫೋಟೋ ತೋರಿಸಿದರೆ, ಅದರ ಹಾಗೆ ಕಾಣುವುದನ್ನೆಲ್ಲ ಅದು ಎದುರಿಗೆ ತಂದಿಡುತ್ತದೆ. ಅವುಗಳ ನಡುವೆ ನಮ್ಮದೂ ಇರಬೇಕು, ಒತ್ತಿದರೆ ನಮ್ಮ ಪುಟಕ್ಕೆ ಬರಬೇಕು. ಅಷ್ಟಕ್ಕೆ ನಾನು ದಿನವಿಡೀ ಫೋಟೋ ತೆಗೆಯುತ್ತೇನೆ. ಈ ಮಳೆಗೆ ಬೆಳಕೇ ಇಲ್ಲ ಮಾರಾಯ್ತಿ. ಆಂಟಿ ಪಕ್ಕದಲ್ಲಿ ಕೂತು ನನ್ನ ಫೋನಿನಲ್ಲಿ ಲೋಕದ ಕುಲಾವಿಗಳನ್ನೆಲ್ಲ ನೋಡುತ್ತಾ "ಇವಳ ಅಂಚು ಸರಿ ಇಲ್ಲ" ಅನ್ನುತ್ತಾರೆ.

ನಿನ್ನ ಹೆಸರು ಅವರು ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ. ಮಧ್ಯಸ್ಥಿಕೆ ನನ್ನಿಂದ ಆಗದು. ಆದರೆ ನಿನಗೆ ತಿಳಿಸದೆ ನಿನ್ನ ಅಮ್ಮನ ಜೊತೆ ವ್ಯಾಪಾರ ಮಾಡುವುದು ಸರಿಯೆನಿಸಲಿಲ್ಲ. ಬೇಡ ಎಂದಾದರೆ ಹೇಳು.

ನಿನ್ನ
ರಿಝ್ವಾನಾ


ಶಾರ್ಜಾ
2 ಜುಲೈ 2024

ರಿಝ್ವಾನಾ,

ಬೇಡ ಎನ್ನಲು ನಾನು ಯಾರು?

ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತು ನಿನ್ನ ಪತ್ರ ಓದಿದೆ. ಎದುರಿಗೆ ಟೋಕನ್ ಹಿಡಿದು ಜನ ನಿಂತಿದ್ದರು. ಮುಖೇಶನ ಮಂಚ ಎಂಬಲ್ಲಿಗೆ ಬಂದಾಗ ಮುಂದಿನ ಹೆಸರು ಕರೆಯಲು ನನ್ನಿಂದ ಆಗಲಿಲ್ಲ.

ಬಜಪೆ ಏರ್‌ಪೋರ್ಟಿಗೆ ನೀನೂ ಬಂದಿದ್ದೆ, ನಿನಗೆ ಗೊತ್ತು. ತಮ್ಮ ಮುಖೇಶನ ಶವದ ಪೆಟ್ಟಿಗೆಯ ಜೊತೆ ನಾನು ಹೊರಗೆ ಬಂದಾಗ ಅಮ್ಮ ಹೇಳಿದ್ದು ಒಂದೇ ಮಾತು. "ಕರ್ಕೊಂಡು ಹೋದವಳು ನೀನು. ಈಗ ಪೆಟ್ಟಿಗೆ ತಂದು ಕೊಡ್ತೀಯಾ?" ಆಮೇಲೆ ಎರಡು ವರ್ಷ ನನ್ನ ಹತ್ತಿರ ಮಾತಿಲ್ಲ. ಫೋನು ಎತ್ತುವುದಿಲ್ಲ. ವೀಸಾ ಮಾಡಿಸಿದ್ದು ನಾನೇ. ಅಮ್ಮ ಬೇಡ ಎಂದಾಗ "ಇಲ್ಲಿ ಇದ್ದು ಎಂತ ಮಾಡ್ತಾನೆ" ಎಂದು ಜಗಳವಾಡಿದ್ದೂ ನಾನೇ. ಗೋದಾಮಿನಲ್ಲಿ ಸರಕಿನ ಕಪಾಟು ಕುಸಿದದ್ದು ನನ್ನಿಂದ ಅಲ್ಲ ಎಂದು ಕೌಶಲ್ ಹೇಳುತ್ತಲೇ ಇರುತ್ತಾನೆ. ಗಂಡ ಇನ್ನೇನು ಹೇಳಿಯಾನು.

ನಿನ್ನ ಪುಟ ನೋಡಿದೆ. ಕುಲಾವಿಗಳು ಚೆನ್ನಾಗಿವೆ. ಒಂದು ಮಾತು ಕೇಳಲಾ? ಅಮ್ಮನ ಮುಖ ಹಾಕಬೇಡ, ಅವರಿಗೆ ಇಷ್ಟವಾಗಲಿಕ್ಕಿಲ್ಲ. ಹೆಣೆಯುವಾಗ ಕೈ ಕಾಣುವ ಹಾಗೆ ಒಂದು ಫೋಟೋ ತೆಗೆಯಲು ಆಗುತ್ತದಾ? ಗಿರಾಕಿಗಳಿಗೆ ನಂಬಿಕೆ ಬರುತ್ತದೆ ಎಂದು ಹೇಳು. ನಾನು ಕೇಳಿದೆ ಎನ್ನಬೇಡ.

ಮೋಕ್ಷಾ


ತೊಕ್ಕೊಟ್ಟು
25 ಆಗಸ್ಟ್ 2024

ಪ್ರಿಯ ಮೋಕ್ಷಾ,

ನಿನ್ನ ಮಾತು ವ್ಯಾಪಾರಕ್ಕೂ ಸರಿಯಾಯಿತು. ಬರೀ ಕುಲಾವಿ ಇಟ್ಟ ಫೋಟೋಗಳನ್ನು ಯಾರೂ ಕೇಳುವುದಿಲ್ಲ. ಆಂಟಿಯ ಕೈ ಇರುವ ಫೋಟೋಗಳನ್ನು ಎಲ್ಲೆಲ್ಲಿಯವರೋ ಸೇವ್ ಮಾಡಿಕೊಳ್ಳುತ್ತಾರೆ. ಪೋಲೆಂಡಿನ ಒಬ್ಬಳು ಮೂರು ಕುಲಾವಿ ತರಿಸಿಕೊಂಡಳು. ಇಲ್ಲಿ ಪೋಸ್ಟಾಫೀಸಿನವರು ನನ್ನನ್ನು ಕಂಡರೆ ಸಾಕು, "ಬಂತು ಟೊಪ್ಪಿ" ಅನ್ನುತ್ತಾರೆ.

ಮೊದಲ ಸಲ ಕೈಯ ಫೋಟೋ ಎಂದಾಗ ಆಂಟಿ ಸೆರಗಿನಲ್ಲಿ ಬೆರಳು ಮುಚ್ಚಿಕೊಂಡರು. "ಮೀನು ಕೊಯ್ದು ಕೊಯ್ದು ಹೀಗಾದ ಕೈಯನ್ನು ಎಂತ ನೋಡ್ಲಿಕ್ಕುಂಟು?" ನಾನು ಒತ್ತಾಯ ಮಾಡಿ ತೆಗೆದೆ.

ಪಿಂಟರೆಸ್ಟಿನಲ್ಲಿ ಹಾಕುವ ಫೋಟೋಗೆ ಪಿನ್ ಅನ್ನುತ್ತಾರೆ. ನಮ್ಮ ಪ್ರತಿಯೊಂದು ಪಿನ್ನನ್ನೂ ಸೇವ್ ಮಾಡುವ ಒಂದು ಅಕೌಂಟ್ ಉಂಟು. ಹೆಸರಿಲ್ಲ, ಮುಖವಿಲ್ಲ. ಅದು ಯಾರೆಂದು ನಾನು ಕೇಳುವುದಿಲ್ಲ. ಆದರೆ ಮೊನ್ನೆ ಆಂಟಿ ಕೇಳಿದರು.

"ಇದು ಯಾರು, ದಿನಾ ಬರುವುದು?"

"ಒಬ್ಬ ಗಿರಾಕಿ ಆಂಟಿ."

"ಎಲ್ಲಿಯವರು?"

ಸುಳ್ಳು ಹೇಳಲು ಹೊರಟವಳ ಬಾಯಿಂದ "ಶಾರ್ಜಾ" ಎಂದು ಬಂದುಬಿಟ್ಟಿತು. ಆಂಟಿ ಹೆಣಿಗೆ ಕೆಳಗಿಟ್ಟು ಒಳಗೆ ಹೋದರು. ಸಿಟ್ಟಾದರು, ಇನ್ನು ಈ ಮನೆಗೆ ನಾನು ಬರುವುದು ಮುಗಿಯಿತು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಬಂದರು. ಉಗುರು ಕತ್ತರಿಸಿಕೊಂಡು, ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು.

"ಫೋಟೋ ತೆಗಿ. ಸ್ವಲ್ಪ ಹತ್ತಿರದಿಂದ ತೆಗಿ," ಅಂದರು.

ಇದಕ್ಕೆ ಅರ್ಥ ಏನೆಂದು ನನ್ನನ್ನು ಕೇಳಬೇಡ.

ರಿಝ್ವಾನಾ


ಶಾರ್ಜಾ
20 ಅಕ್ಟೋಬರ್ 2024

ರಿಝ್ವಾನಾ,

ನಿನ್ನ ಆ ಪತ್ರಕ್ಕೆ ಉತ್ತರ ಬರೆದು ಬರೆದು ಅಳಿಸಿದೆ. ನೇರ ವಿಷಯಕ್ಕೆ ಬರುತ್ತೇನೆ. ನನಗೆ ಐದು ತಿಂಗಳು. ಮಾರ್ಚ್ ಮೊದಲ ವಾರ ಎಂದಿದ್ದಾರೆ ಡಾಕ್ಟರು. ಕೌಶಲನ ಮನೆಯವರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಅಮ್ಮನಿಗೆ ನೀನು ಹೇಳಬೇಡ. ಹೇಳುವ ಹಕ್ಕು ನನಗಿದ್ದರೆ ನಾನೇ ಹೇಳಬೇಕು, ಇಲ್ಲದಿದ್ದರೆ ಯಾರೂ ಹೇಳುವುದು ಬೇಡ. ಇನ್ನೊಂದು ಮಗುವಿನ ಸುದ್ದಿ ಹಿಡಿದು ಅವರ ಬಾಗಿಲು ತಟ್ಟಿದರೆ, ಮಗನಿಗೆ ಬದಲಾಗಿ ಇದನ್ನು ತಂದಿದ್ದಾಳೆ ಎಂದುಕೊಂಡಾರು.

ಆದರೆ ಮಗುವಿನ ತಲೆಯ ಮೇಲೆ ಅಮ್ಮನ ಕುಲಾವಿ ಇರಬೇಕೆಂಬ ಆಸೆ. ಇಷ್ಟು ದಿನ ಸೇವ್ ಮಾಡಿದ್ದಾಯಿತು, ಒಂದನ್ನಾದರೂ ಮುಟ್ಟಬೇಕು. ನನ್ನ ಜೊತೆ ಕೆಲಸ ಮಾಡುವ ಮೆರ್ಲಿನ್ ಎಂಬವಳ ಹೆಸರಿನಲ್ಲಿ ಆರ್ಡರ್ ಹಾಕಿದ್ದೇನೆ. ಬಿಳಿ ನೂಲು, ಹುಟ್ಟಿದ ಮಗುವಿನ ಅಳತೆ. ಅವಸರವಿಲ್ಲ, ಫೆಬ್ರವರಿಗೆ ಬಂದರೆ ಸಾಕು.

ಅಮ್ಮ ಹೇಗಿದ್ದಾರೆ? ಮಳೆಗಾಲದಲ್ಲಿ ಅವರಿಗೆ ಕೆಮ್ಮು ಬರುತ್ತಿತ್ತು.

ಮೋಕ್ಷಾ


ತೊಕ್ಕೊಟ್ಟು
30 ನವೆಂಬರ್ 2024

ಪ್ರಿಯ ಮೋಕ್ಷಾ,

ತಡವಾಯಿತು, ಬೇಸರಿಸಬೇಡ. ಕ್ರಿಸ್ಮಸ್ಸಿನ ಆರ್ಡರುಗಳು ಬಂದಿವೆ. ಮೆರ್ಲಿನ್ ಹೆಸರಿನ ಕುಲಾವಿ ಶುರುವಾಗಿದೆ. ಆಂಟಿ ಇದ್ದಾರೆ. ನೀನು ಸರಿಯಾಗಿ ಊಟ ಮಾಡು, ಹೆಚ್ಚು ನಿಲ್ಲಬೇಡ. ಮನೆಯಲ್ಲಿ ನನ್ನ ಉಮ್ಮ ನಿನಗಾಗಿ ದುಆ ಮಾಡುತ್ತಿದ್ದಾರೆ.

ರಿಝ್ವಾನಾ


ಶಾರ್ಜಾ
2 ಫೆಬ್ರವರಿ 2025

ರಿಝ್ವಾನಾ,

ನಿನ್ನೆ ಹಾಕಿದ ಪಿನ್ನಿನಲ್ಲಿರುವುದು ಯಾರ ಕೈ?

ಬಿಳಿ ಕುಲಾವಿ, ನನ್ನದೇ ಆರ್ಡರ್. ಹೆಣೆಯುತ್ತಿರುವ ಕೈ ಅಮ್ಮನದಲ್ಲ. ಅಮ್ಮ ನೂಲನ್ನು ಕಿರುಬೆರಳಿಗೆ ಸುತ್ತಿಕೊಳ್ಳುವುದಿಲ್ಲ, ನಡುಬೆರಳ ಮೇಲಿಂದ ತರುತ್ತಾರೆ. ಚಿಕ್ಕಂದಿನಿಂದ ಅವರ ಕಾಲ ಬಳಿ ಕೂತು ನೋಡಿದವಳು ನಾನು. ಅದನ್ನು ಕಂಡ ಮೇಲೆ ಹಿಂದಿನದನ್ನೆಲ್ಲ ತೆಗೆದು ನೋಡಿದೆ. ಡಿಸೆಂಬರಿನಲ್ಲಿ ನೀನು ಹಾಕಿದ ಅಮ್ಮನ ಫೋಟೋಗಳಲ್ಲಿ ಜುಲೈಯದ್ದೇ ಸೀರೆ, ಜುಲೈಯದ್ದೇ ಬೆಳಕು. ಹಳೆಯ ಫೋಟೋಗಳನ್ನು ಒಂದೊಂದಾಗಿ ಹಾಕುತ್ತಿದ್ದೆ ನೀನು.

ಅಮ್ಮ ಹೇಗಿದ್ದಾರೆ ಎಂದು ಕೇಳಿದ್ದೆ. "ಇದ್ದಾರೆ" ಎಂದು ಬರೆದೆ. ಆ ಪದವನ್ನು ಆಗ ಸರಿಯಾಗಿ ಓದಲಿಲ್ಲ ನಾನು.

ನಿಜ ಹೇಳು.

ಮೋಕ್ಷಾ


ತೊಕ್ಕೊಟ್ಟು
3 ಫೆಬ್ರವರಿ 2025

ಮೋಕ್ಷಾ,

ದೀಪಾವಳಿ ಕಳೆದ ವಾರ ಆಂಟಿಗೆ ಸ್ಟ್ರೋಕ್ ಆಯಿತು. ಬಚ್ಚಲಿನ ಬಾಗಿಲಲ್ಲಿ ಬಿದ್ದಿದ್ದರು. ಪಕ್ಕದ ಮನೆಯ ಸ್ನೇಹಲತಕ್ಕ ನೋಡಿದ್ದರಿಂದ ಉಳಿದರು. ಬಲಗೈ, ಬಲಗಾಲು ಹೋಯಿತು. ಮಾತು ತೊದಲುತ್ತದೆ, ಆದರೆ ತಿಳಿಯುತ್ತದೆ. ಸ್ವಲ್ಪ ಸುಧಾರಿಸಿ ಮನೆಗೆ ಬಂದಿದ್ದರು. ಹಗಲು ನಾನು, ಉಳಿದ ಹೊತ್ತು ಸ್ನೇಹಲತಕ್ಕ. ಕಳೆದ ವಾರ ಮತ್ತೊಮ್ಮೆ ಆಗಿದೆ. ಈಗ ಆಸ್ಪತ್ರೆಯಲ್ಲಿದ್ದಾರೆ. ಡಾಕ್ಟರು ಹೆಚ್ಚು ಹೇಳುವುದಿಲ್ಲ.

ನಿನಗೆ ಹೇಳಬಾರದೆಂದು ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಿದ್ದರು. ಹೇಳಿದರೆ ಈ ಮನೆಗೆ ಬರಬೇಡ ಎಂದರು. ನಾನು ಬರದೆ ಹೋದರೆ ಅವರನ್ನು ನೋಡುವವರು ಯಾರು, ಅದೂ ಯೋಚನೆಯಾಯಿತು. ಸರಿ ಮಾಡಿದೆ ಎಂದು ನಾನು ಹೇಳುತ್ತಿಲ್ಲ. ಹಳೆಯ ಫೋಟೋ ಹಾಕಿದ್ದು ನಿನಗಾಗಿ. ನಿಲ್ಲಿಸಿದರೆ ನಿನಗೆ ಗೊತ್ತಾಗುತ್ತದೆ ಎಂಬ ಹೆದರಿಕೆ.

ಆ ಕುಲಾವಿಯನ್ನು ಶುರುಮಾಡಿದ್ದು ಆಂಟಿಯೇ. ಮೇಲಿನ ಸುತ್ತೆಲ್ಲ ಅವರದ್ದು. ಬಿದ್ದ ದಿನ ಅದು ಅವರ ಮಂಚದ ಮೇಲೆ ಇತ್ತು. ಜನವರಿಯಲ್ಲಿ ಒಂದು ದಿನ ಎಡಗೈಯಲ್ಲಿ ಅದನ್ನು ಸ್ನೇಹಲತಕ್ಕನ ಕಡೆ ನೂಕಿ "ಮುಗಿಸು" ಅಂದರು. ಹೆಣಿಗೆ ತಪ್ಪಿದಾಗೆಲ್ಲ ಕಣ್ಣಲ್ಲೇ ಬೈದು ಬಿಚ್ಚಿಸಿದರು. ಹಳೆಯ ಫೋಟೋಗಳು ಮುಗಿದಿದ್ದವು. ನೀನು ನೋಡಿದ ಕೈ ಸ್ನೇಹಲತಕ್ಕನದು.

ಬರಲು ಆಗುತ್ತದಾ?

ರಿಝ್ವಾನಾ


ಶಾರ್ಜಾ
4 ಫೆಬ್ರವರಿ 2025

ಆಗುವುದಿಲ್ಲ. ಎಂಟು ತಿಂಗಳು ಕಳೆದಿದೆ, ಬಿ.ಪಿ. ಏರಿದೆ. ಡಾಕ್ಟರು ಕಾಗದ ಬರೆದು ಕೊಡುವುದಿಲ್ಲ, ಕಾಗದ ಇಲ್ಲದೆ ವಿಮಾನಕ್ಕೆ ಹತ್ತಿಸುವುದಿಲ್ಲ. ಕೌಶಲ್ ಎಲ್ಲ ಕಡೆ ಕೇಳಿ ಬಂದ. ನವೆಂಬರಿನಲ್ಲಿ ಹೇಳಿದ್ದರೆ ಬರುತ್ತಿದ್ದೆ ರಿಝ್ವಾನಾ. ನವೆಂಬರಿನಲ್ಲಿ ಬರಬಹುದಿತ್ತು.

ಇವತ್ತು ಸಂಜೆ ಫೋನು ಮಾಡುತ್ತೇನೆ. ಅಮ್ಮನ ಕಿವಿಗೆ ಹಿಡಿ. ಬೇಡ ಎಂದರೂ ಹಿಡಿ.


ತೊಕ್ಕೊಟ್ಟು
20 ಫೆಬ್ರವರಿ 2025

ಪ್ರಿಯ ಮೋಕ್ಷಾ,

ಎಲ್ಲ ಮುಗಿದಿದೆ. ಸುದ್ದಿ ಹೇಳಲು ನಾನು ಫೋನು ಮಾಡಿದಾಗ ನೀನು ಕೌಶಲನ ಕೈಯಿಂದ ಮಾತಾಡಿಸಿದೆ, ನನ್ನ ಹತ್ತಿರ ಮಾತಾಡಲಿಲ್ಲ. ಸರಿಯೇ. ಆದರೆ ಆ ದಿನಗಳಲ್ಲಿ ಆದದ್ದನ್ನು ನಾನು ಬರೆಯಬೇಕು. ಇನ್ನು ಯಾರೂ ನಿನಗೆ ಹೇಳುವವರಿಲ್ಲ.

ಆ ಸಂಜೆ ನೀನು ಫೋನಿನಲ್ಲಿ ಅಳುವಾಗ ಆಂಟಿ ಕಣ್ಣು ಬಿಟ್ಟುಕೊಂಡೇ ಇದ್ದರು. ನೀನು "ಅಮ್ಮಾ, ಒಂದು ಮಾತು" ಎಂದು ಎಷ್ಟು ಸಲ ಕೇಳಿದೆ. ಕೊನೆಗೆ ಅವರು ಮುಖ ಗೋಡೆಯ ಕಡೆ ತಿರುಗಿಸಿದರು. ಬೇಕೆಂದೇ ತಿರುಗಿಸಿದರೋ, ಅಳುವುದು ನನಗೆ ಕಾಣಬಾರದೆಂದೋ ನನಗೆ ತಿಳಿಯದು. ನಿನಗೆ ಸಮಾಧಾನವಾಗುವ ಹಾಗೆ ಒಂದು ಸುಳ್ಳು ಹೇಳಬಹುದಿತ್ತು. ಸುಳ್ಳು ಸಾಕಾಗಿದೆ.

ಮರುದಿನ ಬೆಳಿಗ್ಗೆ ಉಮ್ಮ ಕಳಿಸಿದ ಗಂಜಿಯ ತಿಳಿ ಕುಡಿಸುತ್ತಿದ್ದೆ. ಚಮಚ ತಳ್ಳಿ ಕೇಳಿದರು.

"ಅವಳಿಗೆ ಯಾವಾಗ?"

"ಯಾರಿಗೆ ಆಂಟಿ?"

"ಶಾರ್ಜಾದ ಗಿರಾಕಿಗೆ."

ನಾನು ಹೇಳಿರಲಿಲ್ಲ ಮೋಕ್ಷಾ, ಅಲ್ಲಾಹನಾಣೆ ಹೇಳಿರಲಿಲ್ಲ. ಮೆರ್ಲಿನ್ ಹೆಸರಿನ ಆರ್ಡರ್ ಓದಿ ಹೇಳಿದ ದಿನ ಅವರು ಯಾರು, ಎಂತ ಎಂದು ಕೇಳಿರಲಿಲ್ಲ. "ಎಷ್ಟನೇ ತಿಂಗಳಂತೆ?" ಎಂದಿದ್ದರು. ಆಗ ನನಗೆ ಹೊಳೆಯಲಿಲ್ಲ. ಬಿದ್ದ ಮೇಲೆ ನಿನಗೆ ಹೇಳಬೇಡ ಎಂದು ಆಣೆ ಹಾಕಿಸಿದ್ದೂ ಅದಕ್ಕೇ. "ಹೇಳಿದರೆ ಹೊಟ್ಟೆ ಹೊತ್ತುಕೊಂಡು ಓಡಿ ಬರ್ತಾಳೆ. ದಾರಿಯಲ್ಲಿ ಎಂತಾದರೂ ಆದರೆ? ಇನ್ನೊಂದು ನನಗೆ ತಡೆಯುವುದಿಲ್ಲ." ಇದನ್ನು ಅವರು ನನಗೆ ಹೇಳಿದ್ದು ಆ ಬೆಳಿಗ್ಗೆ.

"ಮಾರ್ಚ್ ಆಂಟಿ," ಅಂದೆ.

ಅವರು ಕಣ್ಣು ಮುಚ್ಚಿದರು. ಮಲಗಿದರೇನೋ ಎಂದುಕೊಂಡೆ. ಆಮೇಲೆ ಒಂದೊಂದೇ ಪದ ಹುಡುಕಿ ಹೇಳಿದರು. "ಗಂಡಾದರೆ ಮುಖೇಶ ಅಂತ ಹೆಸರು ಇಡಬಾರದು ಅಂತ ಹೇಳು. ಅವಳು ಇಡುವವಳೇ. ಬೇಡ. ಆ ಮಗು ಅದರಷ್ಟಕ್ಕೆ ಬೆಳೆಯಲಿ."

ಮತ್ತೆ ಅವರು ಮಾತಾಡಿದ್ದು ನೀರಿಗೆ ಮಾತ್ರ. ವಾರ ದಾಟಲಿಲ್ಲ. ಬೆಂಕಿ ಕೊಟ್ಟದ್ದು ನಿನ್ನ ಮಾವನ ಮಗ. ನಾನು ಗೇಟಿನ ಹತ್ತಿರ ನಿಂತಿದ್ದೆ. ಸ್ನೇಹಲತಕ್ಕ ಬಂದು ನನ್ನನ್ನು ಹಿಡಿದುಕೊಂಡರು.

ಅಂಗಡಿಯ ಪುಟ ನಿಲ್ಲಿಸಿದ್ದೇನೆ. ಆಂಟಿಯ ಫೋಟೋಗಳನ್ನು ಅಳಿಸಲು ಕೂತೆ, ಆಗಲಿಲ್ಲ. ನಾನು ಅಳಿಸಿದರೂ ಬೇರೆಯವರು ತಮ್ಮ ಪುಟದಲ್ಲಿ ಸೇವ್ ಮಾಡಿದ್ದು ಹಾಗೇ ಉಳಿಯುತ್ತದಂತೆ. ಜುಲೈಯಲ್ಲಿ ತೆಗೆದ ಫೋಟೋವನ್ನು ಈಗ ಎಲ್ಲೆಲ್ಲೂ ನೋಡುತ್ತಿದ್ದಾರೆ. "ಇಂಥದ್ದೇ ಇನ್ನೊಂದು ಸಿಗುತ್ತದಾ?" ಎಂದು ಮೆಸೇಜು ಬರುತ್ತದೆ. ನಾನು ಉತ್ತರ ಕೊಡುವುದಿಲ್ಲ.

ನಿನ್ನ ಕುಲಾವಿ ಪೋಸ್ಟ್ ಮಾಡಿದ್ದೇನೆ.

ರಿಝ್ವಾನಾ


ಶಾರ್ಜಾ
29 ಜೂನ್ 2025

ರಿಝ್ವಾನಾ,

ಮಾರ್ಚಿನಲ್ಲಿ ಗಂಡು ಮಗು ಹುಟ್ಟಿತು. ಕೌಶಲ್ ನಿನಗೆ ತಿಳಿಸಿದ್ದಾನೆ. ನೀನು ಕಳಿಸಿದ ಮೆಸೇಜುಗಳನ್ನೆಲ್ಲ ಓದಿದ್ದೇನೆ. ಉತ್ತರ ಕೊಡಲಿಲ್ಲ.

ನಿನ್ನ ಪಾರ್ಸೆಲ್ ಹೆರಿಗೆಗೆ ಮೊದಲೇ ಬಂದಿತ್ತು. ಸಿಟ್ಟಿನಲ್ಲಿ ಬೀರುವಿನ ಮೇಲೆ ಹಾಕಿದೆ. ನಿನ್ನ ಅಕ್ಷರ ಕಂಡರೆ ನವೆಂಬರ್ ನೆನಪಾಗುತ್ತಿತ್ತು. ಕಳೆದ ವಾರ ಕೌಶಲ್ ಅದನ್ನು ಕೆಳಗಿಳಿಸಿ ನನ್ನ ಮಡಿಲಲ್ಲಿಟ್ಟು ಹೊರಗೆ ಹೋದ. ಬಿಡಿಸಿದೆ. ಎಲ್ಲಿಯವರೆಗೆ ಅಮ್ಮ, ಎಲ್ಲಿಂದ ಸ್ನೇಹಲತಕ್ಕ ಎಂದು ಬೆರಳಿಗೆ ತಿಳಿಯುತ್ತದೆ. ಮಗನ ತಲೆಗೆ ಇಟ್ಟೆ. ಹಿಡಿಸಲಿಲ್ಲ. ನೆತ್ತಿಯ ಮೇಲೆ ನಿಂತು ಜಾರಿ ಬಿತ್ತು. ಹುಟ್ಟಿದ ಮಗುವಿನ ಅಳತೆ ಎಂದು ನಾನೇ ಬರೆದಿದ್ದೆ, ಅವನಿಗೆ ಆಗಲೇ ಮೂರು ತಿಂಗಳು ದಾಟಿತ್ತು. ಒಂದು ದಿನವೂ ಅವನು ಅದನ್ನು ಹಾಕಲಿಲ್ಲ. ಅದಕ್ಕೆ ಅಮ್ಮ ಕಾರಣವಲ್ಲ, ನೀನೂ ಅಲ್ಲ.

ಇನ್ನೊಂದು ವಿಷಯ. ನಾನು ಮೇ ತಿಂಗಳಲ್ಲಿ ಊರಿಗೆ ಬಂದು ಹೋದೆ. ನಿನಗೆ ಹೇಳಲಿಲ್ಲ. ಉಳ್ಳಾಲದಲ್ಲಿ ಕೌಶಲನ ಮನೆಯಲ್ಲಿದ್ದೆ. ಶಕ್ತಿನಗರಕ್ಕೆ ಹೋಗುವಾಗ, ಬರುವಾಗ ತೊಕ್ಕೊಟ್ಟು ದಾಟಿಯೇ ಹೋಗಬೇಕು. ಒಮ್ಮೆ ಮಾರ್ಕೆಟಿನ ಹತ್ತಿರ ಕಾರು ನಿಂತಿತು. ನಿಮ್ಮ ಓಣಿಯ ಬಾಯಿ ಕಾಣುತ್ತಿತ್ತು. "ಇಳಿಯುವುದಾ?" ಎಂದು ಕೌಶಲ್ ಕೇಳಿದ. "ಬೇಡ" ಅಂದೆ.

ಮುಖೇಶ ಎಂದೇ ಹೆಸರಿಡಬೇಕೆಂದು ಹುಟ್ಟುವ ಮೊದಲೇ ನಿಶ್ಚಯಿಸಿದ್ದೆ. ಕೌಶಲನಿಗೂ ಹೇಳಿರಲಿಲ್ಲ. ಒಂದು ದಿನ ಮಗುವನ್ನು ಅಮ್ಮನ ಜಗಲಿಯಲ್ಲಿ ಮಲಗಿಸಿ, ಹೆಸರು ಕರೆದು, ಇಗೋ ಎಂದು ನಿಲ್ಲಬೇಕೆಂದಿದ್ದೆ. ಅಮ್ಮ ಅದನ್ನು ಅಷ್ಟು ದೂರದಿಂದ ಕಂಡುಹಿಡಿದರು. ಬೇಡ ಎಂದರು. ಅದು ಕ್ಷಮೆಯೋ, "ನೀನು ಕೊಡುವುದೊಂದೂ ನನಗೆ ಬೇಡ" ಎಂದದ್ದೋ, ಎಷ್ಟು ಯೋಚಿಸಿದರೂ ನಿಶ್ಚಯವಾಗುವುದಿಲ್ಲ. ಒಂದೊಂದು ದಿನ ಒಂದೊಂದು ಎನಿಸುತ್ತದೆ.

ಅಮ್ಮನ ಮನೆಯ ಬಾಗಿಲು ತೆಗೆದಾಗ ಸ್ನೇಹಲತಕ್ಕ ಬಂದರು. ಮಗುವನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಅತ್ತುಬಿಟ್ಟರು. "ಮುಖೇಶನದ್ದೇ ಮುಖ ಮಾರಾಯ್ತಿ! ಹಣೆ ನೋಡು, ಗಲ್ಲ ನೋಡು. ಅವನೇ ವಾಪಸು ಬಂದ ಹಾಗೆ ಉಂಟು."

ಅವರು ಹೇಳಿದ್ದು ಸುಳ್ಳಲ್ಲ. ನಾನೂ ದಿನಾ ನೋಡುತ್ತೇನೆ. ನಗುವಾಗ ಹೆಚ್ಚು. ಹೌದು ಅಕ್ಕ ಎಂದುಬಿಟ್ಟರೆ ಎಷ್ಟು ಸುಲಭವಿತ್ತು. ಅಮ್ಮನ ಮಂಚದ ಮೇಲೆ ನೂಲಿನ ಉಂಡೆಗಳು ಹಾಗೇ ಇದ್ದವು. ಅಮ್ಮ ಅಲ್ಲೇ ಕೂತು ನನ್ನ ಬಾಯಿಂದ ಯಾವ ಮಾತು ಬರುತ್ತದೆ ಎಂದು ಕಾಯುತ್ತಿರುವ ಹಾಗೆ ಅನಿಸಿತು.

"ಇಲ್ಲ ಅಕ್ಕ, ಇವನ ಹೆಸರು ಧನ್ವಿತ್," ಅಂದೆ.

"ಧನ್ವಿತ್," ಎಂದು ಸ್ನೇಹಲತಕ್ಕ ಹೇಳಿ ನೋಡಿದರು. ಮಗು ಅವರ ಕಡೆ ತಿರುಗಲಿಲ್ಲ. ಹೆಸರು ಅವನಿಗೂ ಹೊಸತು.

ಮುಂದಿನ ಸಲ ಬಂದಾಗ ನಿಮ್ಮ ಓಣಿಯಲ್ಲಿ ಇಳಿಯುತ್ತೇನೆ ಎಂದು ಬರೆಯಲು ಮನಸ್ಸು ಇನ್ನೂ ಒಪ್ಪುತ್ತಿಲ್ಲ. ಸುಳ್ಳು ಸಾಕಾಗಿದೆ ಎಂದು ನೀನೇ ಬರೆದಿದ್ದೆಯಲ್ಲ. ಆದರೆ ನೀನು ಅಮ್ಮನಿಗೆ ಗಂಜಿ ಕುಡಿಸಿದ್ದನ್ನು ಮರೆತಿಲ್ಲ. ಅಷ್ಟನ್ನು ಹೇಳಲಿಕ್ಕೆ ಇಷ್ಟು ತಿಂಗಳು ಬೇಕಾಯಿತು.

ಉಮ್ಮನಿಗೆ ನನ್ನ ಸಲಾಂ ಹೇಳು.

ಮೋಕ್ಷಾ